ಬೇರು ಸಮೇತ ಸೋರಿಯಾಸಿಸ್ ಕೀಳ್ತೀವಿ ಅಂತ ಪುಡಿ ಕೊಡೋರ ಹತ್ರ ಹೋಗೋ ಮುಂಚೆ

ಪೂರ್ತಿ ಓದೋಕೆ ಟೈಮ್ ಇಲ್ದೇ ಇರೋರಿಗೆ ಮೊದಲೇ ಹೇಳ್ಬಿಡ್ತೀನಿ. ನಿಮ್ಮ ಮನೇಲಿ ಸೋರಿಯಾಸಿಸ್ ಇರೋರು ಯಾರಾದ್ರೂ ಹೆಸರಿಲ್ಲದ ಪೊಟ್ಟಣದ ಪುಡಿ ತಗೋತಾ ಇದ್ದು, ಒಂದೆರಡು ವಾರದಲ್ಲೇ ಚರ್ಮ ಫಳಫಳ ಅಂತ ಕ್ಲೀನ್ ಆಗಿದ್ರೆ ಖುಷಿ ಪಡಬೇಡಿ, ಅನುಮಾನ ಪಡಿ. ಹಾಗಂತ ಇದನ್ನ ಓದಿದ ತಕ್ಷಣ ಪುಡೀನ ತಿಪ್ಪೆಗೆ ಎಸೆದು ಇವತ್ತಿಂದಾನೇ ನಿಲ್ಲಿಸೋದೂ ಬೇಡ. ಪೊಟ್ಟಣ ಕೈಲಿ ಹಿಡ್ಕೊಂಡು ಸ್ಕಿನ್ ಡಾಕ್ಟರ್ ಹತ್ರ ಹೋಗಿ. ಯಾಕೆ ಅಂತ ಕೆಳಗೆ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ನಮ್ದು ಚನ್ನಗಿರಿ ಕಡೆ, ಅಡಿಕೆ ತೋಟ. ನಮ್ಮಣ್ಣನಿಗೆ ಸೋರಿಯಾಸಿಸ್ ಶುರುವಾಗಿ ಹತ್ತು ವರ್ಷದ ಮೇಲಾಯ್ತು. ಮೊದಮೊದಲು ಮೊಣಕೈ ಮೇಲೆ ರೂಪಾಯಿ ಅಗಲದ ಒಂದು ಕೆಂಪು ಕಲೆ, ಅದರ ಮೇಲೆ ಬೆಳ್ಳಿ ಬಣ್ಣದ ಹೊಟ್ಟು, ಕೆರೆದ್ರೆ ಉದುರೋದು, ಜೋರಾಗಿ ಕೆರೆದ್ರೆ ಸಣ್ಣ ಸಣ್ಣ ಚುಕ್ಕಿಯಾಗಿ ರಕ್ತ ಜಿನುಗೋದು. ಊರಲ್ಲಿ ಎಲ್ಲಾರೂ ಹುಳುಕಡ್ಡಿ ಅಂದ್ರು, ಮೆಡಿಕಲ್ ಶಾಪಲ್ಲಿ ಒಂದು ಟ್ಯೂಬ್ ಕೊಟ್ರು, ಹಚ್ಚಿದ್ರೆ ಹೋಗುತ್ತೆ ಬಿಟ್ರೆ ಬರುತ್ತೆ, ಹಿಂಗೇ ವರ್ಷಗಟ್ಟಲೆ ನಡೀತು. ಆ ಟ್ಯೂಬಲ್ಲಿ ಇದ್ದಿದ್ದು ಸ್ಟೀರಾಯ್ಡ್ ಅಂತೆ, ಊತ ಉರಿಯನ್ನ ಬೇಗ ಅದುಮಿಡೋ ಔಷಧಿ. ಇಂಥ ಮುಲಾಮುಗಳನ್ನ ಡಾಕ್ಟರ್ ಚೀಟಿ ಇಲ್ದೆ ಮಾರಬಾರದು ಅಂತ ಸರ್ಕಾರ 2018ರಲ್ಲೇ ರೂಲ್ ಮಾಡಿದೆ, ನಮ್ಮ ಕಡೆ ಈಗ್ಲೂ ಬಿಸ್ಕೆಟ್ ಕೊಟ್ಟಂಗೆ ಕೊಡ್ತಾರೆ.

ಕಾಯಿಲೆಗಿಂತ ಜನರ ಕಾಟ ಜಾಸ್ತಿ. ಕಟಿಂಗ್ ಶಾಪಿನವನು ನೆತ್ತಿ ಮೇಲಿನ ಹೊಟ್ಟು ನೋಡಿ "ಅಣ್ಣಾ, ಇವತ್ತು ಆಗಲ್ಲ, ರಶ್ ಇದೆ" ಅಂತಾನೆ, ಅಂಗಡೀಲಿ ಒಬ್ರೂ ಇರಲ್ಲ. ಮದುವೆ ಮನೇಲಿ ಪಕ್ಕದ ಎಲೆಗೆ ಕೂತಿದ್ದೋರು ಎದ್ದು ಆ ಕಡೆ ಹೋಗ್ತಾರೆ. ದಯವಿಟ್ಟು ತಿಳ್ಕೊಳ್ಳಿ, ಇದು ಅಂಟು ರೋಗ ಅಲ್ಲ. ಮುಟ್ಟಿದ್ರೆ, ಒಂದೇ ಟವಲ್ ಬಳಸಿದ್ರೆ, ಪಕ್ಕದಲ್ಲಿ ಮಲಗಿದ್ರೆ ಬರಲ್ಲ. ನಮ್ಮತ್ತಿಗೆ ಇಷ್ಟು ವರ್ಷ ಜೊತೇಲಿದ್ದಾರೆ, ಅವರಿಗೆ ಒಂದು ಗುಳ್ಳೇನೂ ಇಲ್ಲ.

ಇಷ್ಟೆಲ್ಲಾ ಅವಮಾನ ಆದ್ಮೇಲೆ ಮನುಷ್ಯ ಯಾರು ಗ್ಯಾರಂಟಿ ಕೊಡ್ತಾರೋ ಅವರ ಹಿಂದೆ ಹೋಗ್ತಾನೆ, ಅದೇ ಅವರ ಬಂಡವಾಳ. ಪರಿಚಯದವರೊಬ್ರು ಹೇಳಿದ್ರು ಅಂತ ಅಣ್ಣ ಅತ್ತಿಗೆ ಇಬ್ರೂ ಹೋದ್ರು, ಲಾಡ್ಜಲ್ಲಿ ತಿಂಗಳಿಗೊಂದ್ಸಲ ಕ್ಯಾಂಪ್ ಹಾಕೋ ಒಬ್ಬರ ಹತ್ರ. ಎಲ್ಲಾರೂ ಅವರನ್ನ ಪಂಡಿತರು ಅಂತಾರೆ, ಓದಿದ್ದೇನು ಅಂತ ಯಾರಿಗೂ ಗೊತ್ತಿಲ್ಲ. ನಾಡಿ ಹಿಡಿದು, ಕಣ್ಣು ಎಳೆದು ನೋಡಿ, "ಯಜಮಾನ್ರೇ, ನಿಮ್ಮ ರಕ್ತ ಕೆಟ್ಟಿದೆ, ನಂಜು ಮೈಯೆಲ್ಲಾ ಹರಡಿದೆ, ಡಾಕ್ಟ್ರುಗಳು ಮೇಲ್ಮೇಲೆ ಮುಲಾಮು ಹಚ್ತಾರೆ, ನಾನು ಬೇರನ್ನೇ ಕೀಳ್ತೀನಿ" ಅಂದ್ರಂತೆ. ಬದನೆಕಾಯಿ, ಮೀನು, ಮೊಟ್ಟೆ, ಹುಳಿ ಮೊಸರು, ಕಡ್ಲೆಬೀಜ ಏನೂ ಮುಟ್ಟಂಗಿಲ್ಲ ಅಂತ ಪಥ್ಯದ ಚೀಟಿ ಬೇರೆ. ಅಣ್ಣ ನಾಚಿಕೆ ಬಿಟ್ಟು "ಸಂಜೆ ಹೊತ್ತು ಒಂದು ಕ್ವಾರ್ಟರ್ ಅಭ್ಯಾಸ ಇದೆ" ಅಂದಿದ್ದಕ್ಕೆ "ಅದನ್ನ ಮಿತಿಯಲ್ಲಿ ಇಟ್ಕೊಳ್ಳಿ" ಅಂದ್ರಂತೆ. ಬದನೆಕಾಯಿ ಬಿಡಿಸಿದ ಪುಣ್ಯಾತ್ಮ ಕ್ವಾರ್ಟರ್ ಬಿಡಿಸಲಿಲ್ಲ!

ಪುಡಿ ತಿಂಗಳಿಗೆ 4,500 ರೂಪಾಯಿ, ಬಿಲ್ ಇಲ್ಲ. ನ್ಯೂಸ್ ಪೇಪರ್ ಚೂರಲ್ಲಿ ಮಡಚಿದ ಪೊಟ್ಟಣಗಳು, ಬೆಳಗ್ಗೆ ಒಂದು ರಾತ್ರಿ ಒಂದು, ಬಿಸಿನೀರಲ್ಲಿ. ಅತ್ತಿಗೆ ಒಂದಿನ ಸ್ಟೀಲ್ ತಟ್ಟೆ ಮೇಲೆ ಸುರಿದು ನೋಡಿದ್ರು. ಕಂದು ಪುಡಿ, ತೊಗಟೆ ವಾಸನೆ, ಮಧ್ಯೆ ಮಧ್ಯೆ ರವೆ ಕಾಳಿನಷ್ಟು ಬಿಳೀ ಚೂರುಗಳು. ಅದರಲ್ಲಿ ಒಂದು ಚೂರಿಗೆ ಒಂದು ಕಡೆ ನುಣ್ಣಗೆ ದುಂಡಗೆ ಅಂಚು ಇತ್ತು, ಸರಿಯಾಗಿ ಅರೆಯದೆ ಉಳಿದ ಮಾತ್ರೆಯ ಅಂಚು ಇರುತ್ತಲ್ಲ ಹಾಗೆ. ಫೋನ್ ಮಾಡಿ ಕೇಳಿದ್ರೆ "ಅದು ಭಸ್ಮ ಕಣಮ್ಮಾ, ಅದೇ ಕೆಲಸ ಮಾಡೋದು" ಅಂದ್ರು. ಕೆಲಸ ಮಾಡೋದು ಅದೇ ಅನ್ನೋದು ಮಾತ್ರ ಸತ್ಯ ಇತ್ತು.

ಎರಡೇ ವಾರಕ್ಕೆ ಮೈ ಎಲ್ಲಾ ಕ್ಲೀನ್. ಅಣ್ಣ ವರ್ಷಗಳಾದ್ಮೇಲೆ ಅರ್ಧ ತೋಳಿನ ಅಂಗಿ ಹಾಕ್ಕೊಂಡು ಸಂತೆಗೆ ಹೋದ, ಕಾಯಿಲೆ ಇರೋ ಇನ್ನೂ ನಾಲ್ಕು ಜನಕ್ಕೆ ಆ ನಂಬರ್ ಕೊಟ್ಟ. ಆಮೇಲೆ ಮುಖ ದುಂಡಗಾಯ್ತು, ಕೆನ್ನೆ ಊದ್ತು, ಹೊಟ್ಟೆ ಬಂತು ಕೈಕಾಲು ಸಣ್ಣ ಆಯ್ತು, ಊಟ ಮಾಡಿ ಕೈ ತೊಳೆದು ಮತ್ತೆ ಅಡುಗೆ ಮನೆಗೆ ಬರೋನು. ನೋಡಿದವರೆಲ್ಲ "ಮೈ ಹತ್ತಿದೆ, ಔಷಧಿ ಒಗ್ಗಿದೆ" ಅನ್ನೋರು. ಯಾವಾಗ್ಲೂ ನಾರ್ಮಲ್ ಇರ್ತಿದ್ದ ಶುಗರ್ 200 ದಾಟಿತ್ತು. ಇದು ಯಾವುದನ್ನೂ ಆ ಪಂಡಿತರು ಲೆಕ್ಕಕ್ಕೇ ತಗೊಳ್ಳಲಿಲ್ಲ.

ಕೊನೆಗೆ ಒಂದು ಕ್ಯಾಂಪಿನಲ್ಲಿ "ಕೋರ್ಸ್ ಮುಗೀತು, ಇನ್ನು ಬೇಡ" ಅಂತ ಒಂದೇ ಸಲಕ್ಕೆ ಪುಡಿ ನಿಲ್ಲಿಸಿಬಿಟ್ರು. ಒಂದು ವಾರ ಹತ್ತು ದಿನ ಏನೂ ಇಲ್ಲ, ಆಮೇಲೆ ಬಂದಿದ್ದು ಹಳೇ ಕಾಯಿಲೆ ಅಲ್ಲ. ನೆತ್ತಿಯಿಂದ ಪಾದದವರೆಗೆ ಮೈ ಕೆಂಡದ ಬಣ್ಣ, ಬೆನ್ನು ತೊಡೆ ಮೇಲೆ ಸಾಸಿವೆ ಕಾಳಿನಷ್ಟು ಕೀವಿನ ಗುಳ್ಳೆ, ಬೆಳಗ್ಗೆ ಹಾಸಿಗೆ ಕೊಡವಿದ್ರೆ ಚರ್ಮದ ಚಕ್ಕೆ ಮೊರದಲ್ಲಿ ತುಂಬೋಷ್ಟು. ಏಪ್ರಿಲ್ ಬಿಸಿಲಲ್ಲಿ ಎರಡು ಕಂಬಳಿ ಹೊದ್ದು ಗಡಗಡ ನಡುಗ್ತಿದ್ದ, ಎದ್ದು ನಿಂತ್ರೆ ಕಣ್ಣು ಕತ್ತಲೆ. ಪಂಡಿತರಿಗೆ ಫೋನ್ ಮಾಡಿದ್ರೆ "ನಂಜು ಹೊರಗೆ ಬರ್ತಿದೆ, ಒಳ್ಳೇದು, ತಡ್ಕೊಳ್ಳಿ" ಅಂದ್ರು. ಈ ಮಾತು ನೆನಪಿಟ್ಕೊಳ್ಳಿ, ಯಾರಾದ್ರೂ ಹಿಂಗೆ ಅಂದ್ರೆ ಆ ಕ್ಷಣಾನೇ ಆಸ್ಪತ್ರೆಗೆ ಹೊರಡಿ. ಮೈಯೆಲ್ಲಾ ಕೆಂಪಾಗಿ ಸುಲಿದಾಗ ಚರ್ಮ ದೇಹದ ಬಿಸಿ, ನೀರು, ಪ್ರೋಟೀನ್ ಯಾವುದನ್ನೂ ಹಿಡಿದಿಟ್ಕೊಳ್ಳಲ್ಲ, ಸೋಂಕು ಸುಲಭವಾಗಿ ಒಳಗೆ ಹೋಗುತ್ತೆ, ಜೀವಕ್ಕೇ ಅಪಾಯ.

ದೊಡ್ಡಾಸ್ಪತ್ರೆಯ ಸ್ಕಿನ್ ವಾರ್ಡಲ್ಲಿ ಅಡ್ಮಿಟ್ ಮಾಡ್ಕೊಂಡ್ರು. ಮೈ ತುಂಬಾ ಪ್ಯಾರಾಫಿನ್ ಎಣ್ಣೆ, ಡ್ರಿಪ್, ದಿನಕ್ಕೆ ಎಷ್ಟೋ ಸಲ ಟೆಂಪರೇಚರ್. ಅಲ್ಲಿದ್ದ ಡಾಕ್ಟರ್ ಮೇಡಂ ಅಣ್ಣನ ಮುಖ ನೋಡಿದ ಕೂಡ್ಲೇ ಕೇಳಿದ ಮೊದಲ ಪ್ರಶ್ನೆ, "ಯಾವ ಪುಡಿ ತಗೋತಿದ್ರಿ?" ಬೆಳಗ್ಗೆ ಎಂಟು ಗಂಟೆಗೆ ರಕ್ತ ತೆಗೆದು ಕಾರ್ಟಿಸಾಲ್, ಅಂದ್ರೆ ದೇಹ ತಾನೇ ಮಾಡ್ಕೊಳ್ಳೋ ಸ್ಟೀರಾಯ್ಡ್, ಎಷ್ಟಿದೆ ಅಂತ ನೋಡಿಸಿದ್ರು, ತುಂಬಾ ಕಮ್ಮಿ ಬಂತು. ಅಂದ್ರೆ ಆ ಪುಡೀಲಿ ಇದ್ದಿದ್ದೂ ಸ್ಟೀರಾಯ್ಡೇ. ಹೊರಗಿಂದ ತಿಂಗಳುಗಟ್ಟಲೆ ಸ್ಟೀರಾಯ್ಡ್ ಹೋದ್ರೆ ದೇಹ ತಾನು ಮಾಡ್ಕೊಳ್ಳೋದನ್ನ ನಿಲ್ಲಿಸುತ್ತೆ, ಆಮೇಲೆ ಒಂದೇ ಸಲ ಕಿತ್ಕೊಂಡ್ರೆ ಬಿಪಿ ಕುಸಿದು ಮನುಷ್ಯನೇ ಕುಸಿದು ಬೀಳ್ತಾನೆ. ಅದಕ್ಕೇ ಮೇಲೆ ಹೇಳಿದ್ದು ನೀವೇ ನಿಲ್ಲಿಸಬೇಡಿ ಅಂತ. ಅದರ ಜೊತೆಗೆ ಸೋರಿಯಾಸಿಸ್ ಇರೋರಿಗೆ ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್ ದಿಢೀರ್ ಬಿಡಿಸೋದೇ ಕಾಯಿಲೆ ಕೆರಳಿಸೋ ದೊಡ್ಡ ಕಾರಣಗಳಲ್ಲಿ ಒಂದು, ಅದರಲ್ಲೂ ಈ ಕೀವಿನ ಗುಳ್ಳೆ ಥರದ್ದು ಮತ್ತೆ ಮೈಯೆಲ್ಲಾ ಕೆಂಪಾಗೋ ಥರದ್ದು. ಅಂದ್ರೆ ಬೇರು ಕೀಳ್ತೀನಿ ಅಂದವರೇ ನೀರು ಗೊಬ್ಬರ ಹಾಕಿ ಹೋದ್ರು.

ಈಗ ಕಾರಣದ ವಿಷಯ. ರಕ್ತ ಕೆಟ್ಟಿರಲ್ಲ, ನಂಜೂ ಅಲ್ಲ. ನಮ್ಮ ದೇಹ ಕಾಯೋ ರೋಗನಿರೋಧಕ ವ್ಯವಸ್ಥೇನೇ ತಪ್ಪಿ ನಮ್ಮ ಚರ್ಮದ ಮೇಲೆ ತಿರುಗಿ ಬೀಳೋದು. ಸಾಮಾನ್ಯವಾಗಿ ಚರ್ಮದ ಜೀವಕೋಶ ಕೆಳಗೆ ಹುಟ್ಟಿ ಮೇಲೆ ಬಂದು ಉದುರೋಕೆ ಸುಮಾರು ಒಂದು ತಿಂಗಳು ಬೇಕು, ಇದರಲ್ಲಿ 3ರಿಂದ 7 ದಿನಕ್ಕೇ ಬಂದ್ಬಿಡುತ್ತೆ, ಉದುರೋಕೆ ಮುಂಚೆ ಒಂದರ ಮೇಲೊಂದು ಪೇರಿಸ್ಕೊಂಡು ಹೊಟ್ಟಾಗುತ್ತೆ. ಇದಕ್ಕೆ ರೋಗನಿರೋಧಕ ವ್ಯವಸ್ಥೆ ಕಾರಣ ಅಂತ ಗೊತ್ತಾಗಿದ್ದೇ ಒಂಥರಾ ಆಕಸ್ಮಿಕ. ಕಸಿ ಮಾಡಿದ ಅಂಗವನ್ನ ದೇಹ ತಿರಸ್ಕರಿಸದೇ ಇರಲಿ ಅಂತ ಕೊಡೋ ಸೈಕ್ಲೋಸ್ಪೋರಿನ್ ಅನ್ನೋ ಔಷಧೀನ ಕೀಲುನೋವಿನ ರೋಗಿಗಳಿಗೆ ಕೊಟ್ಟು ನೋಡ್ದಾಗ ಅವರ ಸೋರಿಯಾಸಿಸ್ ಕೂಡ ಇಳೀತು, 1979ರಲ್ಲಿ. ಅಲ್ಲಿವರೆಗೂ ಹೆಚ್ಚಿನವರು ಚರ್ಮದ ದೋಷ ಅಂತಾನೇ ಅಂದ್ಕೊಂಡಿದ್ರು. ನಮ್ಮ ಬೆಂಗಳೂರಿನ ಬಯೋಕಾನ್ 2013ರಲ್ಲಿ ಇದಕ್ಕೆ ಅಂತ ತಂದ ಇಂಜೆಕ್ಷನ್ ಕೂಡ ಬಿಳಿ ರಕ್ತಕಣದ ಟಿ-ಸೆಲ್‌ಗಳನ್ನ ಹಿಡಿಯೋದು, ರಕ್ತ ಶುದ್ಧಿ ಮಾಡೋದಲ್ಲ.

ಮನೆತನದಲ್ಲಿ ಇದ್ರೆ ಬರೋ ಸಾಧ್ಯತೆ ಜಾಸ್ತಿ, ಬಂದೇ ಬರುತ್ತೆ ಅಂತಿಲ್ಲ. ನಮ್ಮಜ್ಜಿಗೆ ಕೊನೇತನಕ ನೆತ್ತಿ ಮೇಲೆ ಇಸುಬು ಅಂತಿದ್ರು, ಈಗ ಯೋಚ್ನೆ ಮಾಡಿದ್ರೆ ಅದೂ ಇದೇ ಇರಬೇಕು. ಆ ಗುಣ ಒಳಗೆ ಇರುತ್ತೆ, ಮೇಲೆ ಏನೋ ಒಂದು ಕೆರಳಿಸಬೇಕು, ಆ ಕೆರಳಿಸೋದು ಒಬ್ಬೊಬ್ರಿಗೆ ಒಂದೊಂದು. ಮೇಡಂ ಅಣ್ಣನ ಹತ್ರ ಕೂತು ಪೊಲೀಸ್ ವಿಚಾರಣೆ ಥರ ಒಂದೊಂದೇ ಕೇಳಿದ್ರು, ಆ ಅರ್ಧ ಗಂಟೇಲಿ ನಮಗೆ ಸಿಕ್ಕಿದ್ದು ಅಷ್ಟು ವರ್ಷದಲ್ಲಿ ಸಿಕ್ಕಿರಲಿಲ್ಲ.

ಮೊಣಕಾಲ ಕೆಳಗೆ ಅಣ್ಣನಿಗೆ ನೂಲು ಹಿಡಿದಂಗೆ ಉದ್ದಕ್ಕೆ ಒಂದು ಪಟ್ಟೆ ಇತ್ತು. "ಇಲ್ಲಿ ಏನಾಗಿತ್ತು?" ಅಂದ್ರು. ಬೇಲಿ ತಂತಿ ಗೀರಿತ್ತು! ಗಾಯ ಆದ ಜಾಗದಲ್ಲೇ ಸೋರಿಯಾಸಿಸ್ ಏಳುತ್ತಂತೆ, ಗೀರು, ಸುಟ್ಟಗಾಯ, ಹಚ್ಚೆ, ಬಿಗಿ ಬೆಲ್ಟು ಉಜ್ಜೋ ಜಾಗ ಯಾವುದಾದ್ರೂ. ಇದನ್ನ 1870ರ ದಶಕದಲ್ಲಿ ಕೋಬ್ನರ್ ಅಂತ ಜರ್ಮನ್ ಡಾಕ್ಟರ್ ಗಮನಿಸಿದ್ದು, ಅವರ ರೋಗಿಯೊಬ್ಬನಿಗೆ ಕುದುರೆ ಕಚ್ಚಿದ ಜಾಗದಲ್ಲೇ ಎದ್ದಿತ್ತಂತೆ. ಅದಕ್ಕೇ ಸ್ನಾನದಲ್ಲಿ ಕಲ್ಲು ಹಾಕಿ ಉಜ್ಜೋದು, ಹೊಟ್ಟು ಕೀಳೋದು, ಸುಣ್ಣ ಬೆಳ್ಳುಳ್ಳಿ ಅರೆದು ಹಚ್ಚೋದು ಇವೆಲ್ಲ ಬಿಡಿ, ಇನ್ನಷ್ಟು ಹಬ್ಬುತ್ತೆ.

ಆಮೇಲೆ "ಬೇರೆ ಯಾವ ಮಾತ್ರೆ ತಗೋತೀರಿ" ಅಂತ ಕೇಳಿದ್ರು. ಅಣ್ಣ ಬಿಪಿ ಮಾತ್ರೆ ಶೀಟ್ ತೋರಿಸಿದ. ಅಟೆನೊಲಾಲ್. ಕೊನೇಲಿ ಒಲಾಲ್ ಅಂತ ಬರೋ ಈ ಗುಂಪಿನ ಬಿಪಿ ಮಾತ್ರೆಗಳು ಕೆಲವರಿಗೆ ಸೋರಿಯಾಸಿಸ್ ಜಾಸ್ತಿ ಮಾಡುತ್ತೆ, ಹಾಗೇ ಮಾನಸಿಕ ಕಾಯಿಲೆಗೆ ಕೊಡೋ ಲಿಥಿಯಂ, ಮಲೇರಿಯಾಗೆ ಕೊಡೋ ಕ್ಲೋರೊಕ್ವಿನ್. ಫಿಜಿಶಿಯನ್ ಹತ್ರ ಮಾತಾಡಿ ಅವರೇ ಬೇರೆ ಮಾತ್ರೆಗೆ ಬದಲಾಯಿಸಿದ್ರು. ನೀವು ಇದನ್ನ ಓದ್ಕೊಂಡು ಬಿಪಿ ಮಾತ್ರೆ ನಿಲ್ಲಿಸಿ ಸ್ಟ್ರೋಕ್ ಮಾಡ್ಕೊಂಡ್ರೆ ನನ್ನ ಬೈಬೇಡಿ, ಕೇಳಿ ಬದಲಾಯಿಸ್ಕೊಳ್ಳಿ.

ಕುಡಿತ ಮತ್ತೆ ಬೀಡಿ ಬಗ್ಗೆ ಮೇಡಂ ಮುಲಾಜೇ ಇಟ್ಕೊಳ್ಳಲಿಲ್ಲ, ಎರಡೂ ಕಾಯಿಲೆ ಕೆರಳಿಸುತ್ತೆ, ಜೊತೆಗೆ ಅಣ್ಣನಿಗೆ ಈಗ ಕೊಡ್ತಿರೋ ಮೆಥೋಟ್ರೆಕ್ಸೇಟ್ ಮೇಲೆ ಕುಡಿದ್ರೆ ಲಿವರ್ ಹೋಗುತ್ತೆ. ಇದು ವಾರಕ್ಕೆ ಒಂದೇ ದಿನ ತಗೊಳ್ಳೋ ಮಾತ್ರೆ, ದಿನಾ ನುಂಗಿ ಪ್ರಾಣ ಕಳ್ಕೊಂಡೋರು ಇದ್ದಾರೆ, ಅತ್ತಿಗೆ ಶೀಟ್ ಮೇಲೆ ದಪ್ಪ ಪೆನ್ನಲ್ಲಿ ಭಾನುವಾರ ಅಂತ ಬರೆದಿಟ್ಟಿದ್ದಾರೆ. ತೂಕ ಜಾಸ್ತಿ ಇದ್ರೆ ಇಳಿಸಬೇಕು. ಚಳಿಗಾಲದ ಒಣ ಗಾಳೀಲಿ ಎಣ್ಣೆ ಅಥವಾ ವ್ಯಾಸಲೀನ್ ಬಿಡಬಾರದು. ಟೆನ್ಶನ್ನೂ ಕಾರಣ ಅಂತೆ, ಕೊಳೆರೋಗ ಬಂದು ಅರ್ಧ ಫಸಲು ಉದುರಿದ ವರ್ಷಾನೇ ಅಣ್ಣನ ಬೆನ್ನಿಗೆಲ್ಲಾ ಹಬ್ಬಿದ್ದು, ಆದ್ರೆ ಅಡಿಕೆ ಬೆಳೆಗಾರನಿಗೆ ಟೆನ್ಶನ್ ಬಿಡಿ ಅಂದ್ರೆ ಏನ್ ಬಿಡ್ತಾನೆ ಹೇಳಿ. ಊಟದ ಬಗ್ಗೆ ಕೇಳಿದ್ದಕ್ಕೆ ಬದನೆಕಾಯಿ ತಿನ್ನಿ ಅಂದ್ರು. ನಿಮಗೆ ಯಾವುದಾದ್ರೂ ತಿಂದಾಗ ಪ್ರತಿ ಸಲ ಜಾಸ್ತಿ ಆಗೋದು ಕಂಡ್ರೆ ಅದೊಂದನ್ನ ಬಿಡಿ, ಎಲ್ಲಾರಿಗೂ ಒಂದೇ ಪಥ್ಯದ ಚೀಟಿ ಇಲ್ಲ.

ಮಕ್ಕಳಿರೋರು ಗಂಟಲು ನೋವನ್ನ ಹಗುರವಾಗಿ ತಗೋಬೇಡಿ. ಸ್ಟ್ರೆಪ್ಟೋಕಾಕಸ್ ಅನ್ನೋ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು ಎರಡು ಮೂರು ವಾರಕ್ಕೆ ಮೈಮೇಲೆ ಮಳೆಹನಿ ಬಿದ್ದಂಗೆ ಸಣ್ಣ ಸಣ್ಣ ಕೆಂಪು ಚುಕ್ಕಿ ಏಳೋ ಒಂದು ಥರ ಸೋರಿಯಾಸಿಸ್ ಇದೆ, ಅಣ್ಣನ ಮಗಳಿಗೂ ಬಂದಿತ್ತು, ಅವಳದು ಕೆಲವು ತಿಂಗಳಲ್ಲಿ ತಾನಾಗೇ ಇಳೀತು. ಇಂಥದ್ದೂ ಇದೆ ನೋಡಿ, ಅದೇ ಟೈಮಲ್ಲಿ ಯಾರಾದ್ರೂ ಪುಡಿ ಕೊಟ್ಟಿದ್ರೆ ವಾಸಿ ಮಾಡಿದ್ದು ನಾನೇ ಅಂತ ಬೋರ್ಡ್ ಹಾಕ್ಕೊಳ್ತಿದ್ರು. ಇನ್ನು ಉಗುರಲ್ಲಿ ಸೂಜಿಯಿಂದ ಚುಚ್ಚಿದಂಗೆ ಗುಳಿ, ಬೆಳಗ್ಗೆ ಎದ್ದಾಗ ಬೆರಳು ಮಡಚೋಕೆ ಆಗದಷ್ಟು ಬಿಗಿ ಇದ್ರೆ ಡಾಕ್ಟ್ರಿಗೆ ಹೇಳಿ, ಇದೇ ಕಾಯಿಲೆ ಕೀಲಿಗೂ ಇಳಿಯುತ್ತೆ, ತಡ ಮಾಡಿದ್ರೆ ಬೆರಳು ಸೊಟ್ಟ ಆಗುತ್ತೆ.

ನಾನು ಆಯುರ್ವೇದದ ವಿರೋಧಿ ಅಲ್ಲ, ಕಾಮೆಂಟಲ್ಲಿ ಜಗಳಕ್ಕೆ ಬರಬೇಡಿ. ಓದಿರೋ ವೈದ್ಯರು ಬರೆದುಕೊಡ್ತಾರೆ, ಲೈಸೆನ್ಸ್ ಇರೋ ಔಷಧಿ ಡಬ್ಬಿ ಮೇಲೆ ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಒಳಗೇನಿದೆ ಅನ್ನೋದು ಇರುತ್ತೆ. ಅಣ್ಣನಿಗೆ ಈಗ ಮೊಣಕೈ ಮೇಲೆ, ನೆತ್ತೀಲಿ ಸ್ವಲ್ಪ ಇದೆ. ಪೂರ್ತಿ ವಾಸಿ ಆಗುತ್ತೆ ಅಂತ ಮೇಡಂ ಒಂದ್ಸಲಾನೂ ಹೇಳಿಲ್ಲ, ಕಂಟ್ರೋಲಲ್ಲಿ ಇಡಬಹುದು ಅಂತಾರೆ, ಮೂರು ತಿಂಗಳಿಗೊಮ್ಮೆ ಲಿವರ್ ಟೆಸ್ಟ್ ಮಾಡಿಸ್ತಾರೆ. ಸ್ಟೀರಾಯ್ಡ್ ಮಾಡಿದ ಶುಗರ್ ಮಾತ್ರ ಹಂಗೇ ಉಳ್ಕೊಂಡಿದೆ.

ಆ ಪಂಡಿತರ ಹಳೇ ನಂಬರ್ ಸ್ವಿಚ್ ಆಫ್. ಹೋದ ತಿಂಗಳು ತರೀಕೆರೆ ರೋಡಲ್ಲಿ ಅದೇ ಫೋಟೋ, ಅದೇ ಗ್ಯಾರಂಟಿ, ಹೊಸ ನಂಬರ್ ಇರೋ ಬ್ಯಾನರ್ ನೋಡಿದೆ. ಆ ಕಡೆಯವರು ಯಾರಾದ್ರೂ ಹೋಗೋ ಯೋಚನೆಯಲ್ಲಿದ್ರೆ ಎರಡೇ ಎರಡು ಕೇಳಿ: ಬಿಲ್ ಕೊಡಿ, ಪುಡೀಲಿ ಏನೇನಿದೆ ಅಂತ ಬರೆದು ಸೈನ್ ಹಾಕಿ. ನಾವು ಕೇಳಿದ್ದಕ್ಕೆ ಲಾಡ್ಜ್ ರೂಮ್ ಬಾಗಿಲು ಹಾಕ್ಕೊಂಡ್ರು.