ಗೋಪ್ರೋನಾ, ಟಿಜಿ-6ಆ? ಎರಡು ಸೀಸನ್ ಮುಳುಗಿದ ಮೇಲೆ

ಚಿಕ್ಕಮಗಳೂರಲ್ಲಿ ಕೂತು ಸಮುದ್ರದೊಳಗಿನ ಫೋಟೋ ಬಗ್ಗೆ ಮಾತಾಡಿದರೆ ಜನ ನಗುತ್ತಾರೆ. ಆದರೆ ಘಟ್ಟ ಇಳಿದರೆ ಮುರುಡೇಶ್ವರ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ. ತಮ್ಮನ ಗೋಪ್ರೋ ಆ್ಯಕ್ಷನ್ ಕ್ಯಾಮೆರಾ, ನನ್ನ ಸೆಕೆಂಡ್ ಹ್ಯಾಂಡ್ ಒಲಿಂಪಸ್ ಟಿಜಿ-6 ಕ್ಯಾಮೆರಾ, ಎರಡನ್ನೂ ಅಲ್ಲಿ ಮುಳುಗಿಸಿದ್ದೇನೆ. ಮೊಬೈಲ್ ಹಾಕುವ ಪ್ಲಾಸ್ಟಿಕ್ ಚೀಲ ಲೆಕ್ಕಕ್ಕಿಲ್ಲ. ಅದು ಹೊಳೆಗೆ ಕಾಲು ಇಳಿಬಿಟ್ಟು ಕೂರುವವರಿಗೆ.

ತಮ್ಮನ ಗೋಪ್ರೋ ಬರಿಮೈಯಲ್ಲಿ 10 ಮೀಟರ್ ಆಳದವರೆಗೆ ನೀರು ತಡೆಯುತ್ತದೆ, ಡೈವ್ ಹೌಸಿಂಗ್ (ಕ್ಯಾಮೆರಾ ಸುತ್ತ ಹಾಕುವ ನೀರು ಹೊಗದ ಪೆಟ್ಟಿಗೆ) ಹಾಕಿದರೆ 60. ಟಿಜಿ-6 ಬರಿಮೈಯಲ್ಲಿ 15, ಹೌಸಿಂಗ್ ಜೊತೆ 45. ಮೊದಲ ಹಂತದ ಡೈವಿಂಗ್ ಕೋರ್ಸ್ ಮಾಡಿದವರ ಮಿತಿಯೇ 18 ಮೀಟರ್, ಹಾಗಾಗಿ 60ಆ 45ಆ ಅನ್ನೋ ಜಗಳ ಸುಮ್ನೆ. ಆದರೆ 15 ಅಂತ ಬರೆದಿದೆ ಅಂತ ಬರಿ ಕ್ಯಾಮೆರಾ ಹಿಡಿದು 14ಕ್ಕೆ ಇಳಿಯಬೇಡಿ. ಬ್ಯಾಟರಿ ಬಾಗಿಲಿನ ರಬ್ಬರ್ ಸೀಲನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ನನಗೆ ಮಾರಿದವರು "ಒಂದ್ಸಲಾನೂ ನೀರಿಗೆ ಇಳಿಸಿಲ್ಲ ಸಾರ್" ಅಂದಿದ್ದರು. ಬ್ಯಾಟರಿ ಬಾಗಿಲು ತೆಗೆದರೆ ಸಂದಿಯಲ್ಲಿ ಮರಳು! ಹಳೆಯದು ಕೊಳ್ಳುವಾಗ ಮೊದಲು ಆ ಬಾಗಿಲು ತೆಗೆದು ನೋಡಿ, ಲೆನ್ಸ್ ಆಮೇಲೆ.

ಮೀನಿನ ಹಿಂಡು, ಆಮೆ, ವಿಡಿಯೋ ಬೇಕಾದರೆ ಗೋಪ್ರೋನೇ ಸರಿ. ಬಟನ್ ಒತ್ತಿ ಮರೆತುಬಿಡಬಹುದು. ಆದರೆ ಬಂಡೆ ಮೇಲೆ ಕಿರುಬೆರಳ ಉಗುರಿನಷ್ಟು ಕಡಲ ಬಸವನಹುಳು ಕಂಡಾಗ ಅದು ಕೈಕೊಡುತ್ತದೆ, ಹತ್ತಿರ ಹೋದಷ್ಟೂ ಮಸುಕು. ಟಿಜಿ-6 ಲೆನ್ಸಿನಿಂದ 1 ಸೆಂಟಿಮೀಟರ್ ದೂರದಲ್ಲೂ ಫೋಕಸ್ ಮಾಡುತ್ತದೆ. ನಾನು ಸೋತಿದ್ದು ಅದಕ್ಕೇ. 5 ಮೀಟರ್ ದಾಟುತ್ತಿದ್ದಂತೆ ಕೆಂಪು ಬಣ್ಣ ಮಾಯ, ಹಾಗಾಗಿ ಯಾವುದನ್ನೇ ಕೊಂಡರೂ ಒಂದು ಟಾರ್ಚ್‌ಗೆ ದುಡ್ಡು ಎತ್ತಿಡಿ.

ಹೌಸಿಂಗ್ ಬಂದ ದಿನ ಖಾಲಿಯಾಗಿಯೇ ಟಿಶ್ಯೂ ಹಾಕಿ ಮುಚ್ಚಿ, ಹಂಡೆಯ ನೀರಲ್ಲಿ ಕಲ್ಲು ಕಟ್ಟಿ ಮುಳುಗಿಸಿದೆ. ಒಂದು ಮೂಲೆಯಿಂದ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಮೇಲೆ ಬಂದವು. ತೆಗೆದರೆ ಟಿಶ್ಯೂ ಅಂಚು ಒದ್ದೆ. ಬೆಳಕಿಗೆ ಹಿಡಿದು ಓ-ರಿಂಗ್ (ಮುಚ್ಚಳದ ಅಂಚಲ್ಲಿ ನೀರು ತಡೆಯುವ ಬಳೆ) ನೋಡಿದೆ: ನಮ್ಮ ಮನೆ ಬೆಕ್ಕಿನ ಒಂದೇ ಒಂದು ಬಿಳಿ ಕೂದಲು. ಒಳಗೆ ಕ್ಯಾಮೆರಾ ಇದ್ದಿದ್ದರೆ? ಈಗ ರಿಂಗ್ ತೆಗೆದು ಬೆರಳಲ್ಲೇ ಸವರಿ ನೋಡ್ತೇನೆ, ಕಣ್ಣಿಗಿಂತ ಬೆರಳಿಗೆ ಜಾಸ್ತಿ ಗೊತ್ತಾಗುತ್ತದೆ. ರಿಂಗ್‌ಗೆ ಗ್ರೀಸ್ ಹೊಳಪು ಬರುವಷ್ಟು ಸಾಕು, ಮೆತ್ತಿದರೆ ಕಸ ಹಿಡಿಯುತ್ತದೆ. ಆ ಹೌಸಿಂಗ್‌ಗೆ ಹೇಳಿದ ಗ್ರೀಸನ್ನೇ ಬಳಸಿ. ಸಿಲಿಕೋನ್ ರಿಂಗ್‌ಗೆ ಸಿಲಿಕೋನ್ ಗ್ರೀಸ್ ಹಚ್ಚಿದರೆ ಕೆಲವು ಊದಿಕೊಳ್ಳುತ್ತವೆ.

ಇಬ್ಬನಿಯ ವಿಷಯದಲ್ಲಿ ನನ್ನದೇ ತಪ್ಪು. ದೋಣಿಯ ತೇವದ ಗಾಳಿಯಲ್ಲಿ ಗೋಪ್ರೋ ಹೌಸಿಂಗ್ ಮುಚ್ಚಿದೆ, ತಣ್ಣನೆ ನೀರಿಗೆ ಇಳಿದ ಕೂಡಲೇ ಗಾಜಿಗೆ ಮಂಜು. ಇಡೀ ಡೈವ್ ಮುಳ್ಳಯ್ಯನಗಿರಿಯ ಜುಲೈ ಬೆಳಗ್ಗೆ ತರಾನೇ ಬಂತು! ಈಗ ಹಿಂದಿನ ರಾತ್ರಿಯೇ ಲಾಡ್ಜ್‌ನ ಎಸಿ ರೂಮಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮುಚ್ಚುತ್ತೇನೆ.

ಡೈವ್ ಮುಗಿದ ಮೇಲೆ ಎರಡನ್ನೂ ಒಣಗಲು ಬಿಡದೆ ಸಿಹಿನೀರಿನ ಬಕೆಟ್ಟಿಗೆ ಹಾಕಿ, ಮುಳುಗಿಸಿಟ್ಟೇ ಎಲ್ಲ ಬಟನ್ ಒತ್ತಿ. ಉಪ್ಪು ಒಣಗಿದರೆ ಸ್ಪ್ರಿಂಗ್ ಸಂದಿಯಲ್ಲಿ ಹರಳು ಕಟ್ಟುತ್ತದೆ.

ಅಷ್ಟೆಲ್ಲಾ ಮಾಡಿ ಜೂನ್‌ನಲ್ಲಿ ಕ್ಯಾಮೆರಾ ಬೀರುವಿನಲ್ಲಿಟ್ಟರೆ ಬೂಷ್ಟು ಖಂಡಿತ, ಮಲೆನಾಡಲ್ವಾ. ಅಕ್ಕಿ ಡಬ್ಬ ಬೇಡ, ಅದರ ಧೂಳು ಸೀಲಿಗೆ ಶತ್ರು. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ ಸಾಕು. ಹೌಸಿಂಗ್ ಚಿಲಕ ಮಾತ್ರ ಬಿಗಿದಿಡಬೇಡಿ, ರಿಂಗ್ ಚಪ್ಪಟೆಯಾಗುತ್ತದೆ. ತಮ್ಮನ ಗೋಪ್ರೋನೂ ಈಗ ನನ್ನ ಡಬ್ಬದಲ್ಲೇ ಇದೆ. ಬೆಕ್ಕಿಗೆ ಆ ರೂಮಿಗೆ ಪ್ರವೇಶವಿಲ್ಲ.