ಮೀನಿನ ಹುಣ್ಣಿಗೆ ಪರ್ಮಾಂಗನೇಟೋ, ಸುಣ್ಣ-ಅರಿಶಿನವೋ?

ಮಂಡ್ಯ ಕಡೆ ನಾಲೆ ನೀರಿನ ಹೊಂಡ, ಏರಿ ಮೇಲೇ ಹಸುವಿನ ಕೊಟ್ಟಿಗೆ ಇಟ್ಟುಕೊಂಡವರಿಗೆ ಚಳಿಗಾಲದಲ್ಲಿ ಕೆಂಪು ಹುಣ್ಣಿನದೇ ಭಯ. ನೀರು ತಣ್ಣಗಾದಾಗ ಅಫನೋಮೈಸಿಸ್ ಅನ್ನೋ ಬೂಷ್ಟಿನಂಥ ಜೀವಿ ಮೀನಿನ ಚರ್ಮ ಕೊರೆದು ಮಾಂಸಕ್ಕೇ ಇಳಿಯುತ್ತದೆ. ಸಾಮಾನ್ಯ ಗೆಂಡೆ ತಡೆದುಕೊಳ್ಳುತ್ತದೆ. ಮೃಗಾಲ್, ರೋಹು, ಕಾಟ್ಲಾ ಸೋಲುತ್ತವೆ.

ನಮ್ಮ ಎರಡು ಹೊಂಡಕ್ಕೂ ಬಂದಿತ್ತು. ಒಂದಕ್ಕೆ ಪರ್ಮಾಂಗನೇಟ್ (ನೀರಿಗೆ ಹಾಕುವ ನೇರಳೆ ಹರಳಿನ ಔಷಧಿ) ಹಾಕಿದೆ, ಇನ್ನೊಂದಕ್ಕೆ ಸುಣ್ಣ-ಅರಿಶಿನ.

ಪರ್ಮಾಂಗನೇಟ್ ಲೀಟರಿಗೆ 2 ಮಿಲಿಗ್ರಾಂ ಲೆಕ್ಕ. ಒಂದು ಮೀಟರ್ ನೀರಿರುವ ಎಕರೆ ಹೊಂಡಕ್ಕೆ ಸುಮಾರು 8 ಕೆ.ಜಿ. ಬೇಕು. ಎರಚಿದ ಕೂಡಲೇ ನೀರು ಗುಲಾಬಿ ಆಯಿತು. ಆದರೆ ಕೊಟ್ಟಿಗೆ ನೀರು ಬೀಳುವ ಮೂಲೆಯಲ್ಲಿ ನೋಡನೋಡುತ್ತಲೇ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಔಷಧಿಯ ಶಕ್ತಿಯೆಲ್ಲ ಸಗಣಿ ಮೇಲೇ ಖರ್ಚಾಯಿತು, ರೋಗಕ್ಕೆ ಏನು ಉಳಿಯಿತು? ಡೋಸ್ ಜಾಸ್ತಿ ಮಾಡೋಣ ಅಂದರೆ ಕಿವಿರು ಸುಡುತ್ತದೆ. ತಿಳಿ ನೀರಿನ ಹೊಂಡಕ್ಕೆ ಇದು ಸರಿ. ಸಗಣಿ ಹೊಂಡಕ್ಕೆ ಸುಮ್ನೆ ದುಡ್ಡು ದಂಡ.

ಇನ್ನೊಂದಕ್ಕೆ ಎಕರೆಗೆ 40 ಕೆ.ಜಿ. ಸುಣ್ಣ, 4 ಕೆ.ಜಿ. ಅರಿಶಿನ ಪುಡಿ. ಸುಣ್ಣ ಹಿಂದಿನ ದಿನವೇ ಅರಳಿಸಿ, ಪೂರ್ತಿ ಆರಿದ ಮೇಲೆ ಬೆಳಗ್ಗೆ ಎರಚಿದೆ. ಹೊಸ ಹುಣ್ಣು ಏಳುವುದು ನಿಂತಿತು. ಬಲೆ ಎಳೆದು ನೋಡಿದಾಗ ಹಳೆ ಹುಣ್ಣು ಅಂಚಿನಿಂದ ಒಳಕ್ಕೆ ಮಾಯುತ್ತಿತ್ತು, ನಡುವೆ ಮಾತ್ರ ಕೆಂಪು. ಈ ಹೊಂಡಕ್ಕೆ ಬರುವ ಕೊಟ್ಟಿಗೆ ಚರಂಡಿಯನ್ನು ಮೊದಲೇ ಕಟ್ಟಿದ್ದೆ. ಗುಣವಾಗಿದ್ದರಲ್ಲಿ ಅದರ ಪಾಲು ದೊಡ್ಡದು ಅಂತಲೇ ನನ್ನ ನಂಬಿಕೆ.

ಒಂದು ಎಚ್ಚರ. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 8.5 ದಾಟಿದ್ದರೆ ಸುಣ್ಣ ಮುಟ್ಟಬೇಡಿ. ಸಗಣಿ, ಗಂಜಲದಿಂದ ಬಂದ ಅಮೋನಿಯ ಪಿಎಚ್ ಏರಿದಷ್ಟೂ ವಿಷವಾಗುತ್ತದೆ. ಹುಣ್ಣಿಗಿಂತ ಬೇಗ ಅದೇ ಮೀನನ್ನು ಕೊಲ್ಲುತ್ತದೆ.

ಭುವನೇಶ್ವರದ ಮೀನು ಸಂಶೋಧನಾ ಸಂಸ್ಥೆಯವರು ಮಾಡಿದ ಸಿಫ್ಯಾಕ್ಸ್ ಕೂಡ ಈ ಹುಣ್ಣಿಗೇ ಇರುವ ಔಷಧಿ. ಒಂದು ಮೀಟರ್ ಆಳದ ಹೆಕ್ಟೇರ್ ನೀರಿಗೆ ಒಂದು ಲೀಟರ್ ಸಾಕು.

ಈಗ ಹೊಂಡಕ್ಕೆ ಗೊಬ್ಬರವಾಗಿ ಹಸಿ ಸಗಣಿ ಬಿಟ್ಟು ಗೋಬರ್ ಗ್ಯಾಸ್ ಸ್ಲರಿಯನ್ನೇ ಕೊಡುತ್ತಿದ್ದೇನೆ. ಅದು ಒಳಗೇ ಕೊಳೆತು ಬಂದಿರುತ್ತದೆ, ಅಲ್ವಾ? ಹೊಂಡದ ಆಮ್ಲಜನಕ ಅಷ್ಟು ಎಳೆಯುವುದಿಲ್ಲ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುವುದು ಕಡಿಮೆಯಾಗಿದೆ. ಮೋಡ ಕವಿದ ದಿನ ಅದನ್ನೂ ಕೊಡುವುದಿಲ್ಲ.

ಇನ್ನು ಹಸುಗಳಿಗೆ ಉಣ್ಣೆ (ಮೈಗೆ ಕಚ್ಚಿ ರಕ್ತ ಹೀರುವ ಹುಳು) ಔಷಧಿ ಹೊಡೆದ ದಿನ ಕೊಟ್ಟಿಗೆ ತೊಳೆದ ನೀರು ಹನಿಯೂ ಹೊಂಡಕ್ಕೆ ಹೋಗಬಾರದು. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಥರದ ಉಣ್ಣೆ ಔಷಧಿ ಹಸುವಿನ ಮೈಗೆ ತಡೆಯುತ್ತದೆ, ಮೀನಿಗೆ ತಡೆಯುವುದಿಲ್ಲ. ಆ ನೀರಿಗೆ ಬೇರೆ ಗುಂಡಿ ತೆಗೆದುಬಿಡಿ.