ರೇಸ್ ಗಾಡಿ ಕೊಳ್ಳೋ ಮುಂಚೆ ಅದರ ಕೆಳಗೆ ಮಲಗಿ ನೋಡಿ

ಕೊಯ್ಲು ಮುಗೀತಾ ಬಂತು. ಇನ್ನು ನಮ್ಮ ಮಲೆನಾಡು, ಕೊಡಗಿನ ಕಡೆ ಒಣಗಿದ ಗದ್ದೆಗಳಲ್ಲಿ ಆಟೋಕ್ರಾಸ್, ಅಂದರೆ ಮಣ್ಣಿನ ಮೇಲೆ ಕಾರು ಓಡಿಸುವ ಸ್ಪರ್ಧೆ, ಶುರುವಾಗುತ್ತದೆ. ಅದರ ಹಿಂದೆಯೇ ವಾಟ್ಸಾಪ್ ಗ್ರೂಪುಗಳಲ್ಲಿ 'ರೆಡಿ ಟು ರೇಸ್' ಅಂತ ಗಾಡಿ ಫೋಟೋಗಳೂ ಬರುತ್ತವೆ. ಎರಡು ವರ್ಷದ ಹಿಂದೆ ಅಂಥದ್ದೇ ಒಂದು ಫೋಟೋ ನೋಡಿ ನಾನು ಹಳೇ ಮಾರುತಿ ಎಸ್ಟೀಮ್ ಕಾರು ತಗೊಂಡೆ. ಮಾರಿದವರು ಯಾರು ಅಂತ ಕೇಳಬೇಡಿ, ಹೇಳುವುದಿಲ್ಲ. ಗಾಡಿಯ ಕಥೆ ಮಾತ್ರ ಹೇಳುತ್ತೇನೆ.

ಎಸ್ಟೀಮೇ ಯಾಕೆ ಅಂದರೆ, ಹಗುರ, 1,298 ಸಿಸಿ ಎಂಜಿನ್, ಜಿಪ್ಸಿಯ ಎಂಜಿನ್ ಜಾತಿಯೇ, ಯಾವ ಊರಿನ ಮೆಕ್ಯಾನಿಕ್ ಆದರೂ ಕಣ್ಣು ಮುಚ್ಚಿಕೊಂಡು ಬಿಚ್ಚುತ್ತಾನೆ. ಆದರೆ 2007ರಲ್ಲೇ ತಯಾರಿಕೆ ನಿಂತಿತು. ತುಕ್ಕು ಹಿಡಿಯದ ಬಾಡಿ ಸಿಗುವುದು ವರ್ಷದಿಂದ ವರ್ಷಕ್ಕೆ ಕಮ್ಮಿ. ಹಾಗಾಗಿ ಒಂದು ಸಿಕ್ಕಿತು ಅಂದ ಕೂಡಲೇ ಬೇರೆಯವರು ಹೊಡೆದುಕೊಂಡು ಹೋಗಿಬಿಟ್ಟರೆ ಅಂತ ಆತುರ ಆಗುತ್ತದೆ. ನನಗೂ ಆಯಿತು.

ಮಾರುವವರು ನನ್ನನ್ನು ಕೂರಿಸಿಕೊಂಡು ತೋಟದ ಮಣ್ಣು ರಸ್ತೆಯಲ್ಲಿ ಒಂದು ರೌಂಡ್ ಹೊಡೆದರು. ಸೈಲೆನ್ಸರ್ ಕಿತ್ತ ಆ ಸದ್ದು, ಹ್ಯಾಂಡ್‌ಬ್ರೇಕ್ ಎಳೆದು ತಿರುಗಿಸಿದ ಆ ಧೂಳು! ಅಲ್ಲಿಗೆ ನನ್ನ ತಲೆ ಅರ್ಧ ಹೋಗಿತ್ತು. ರೋಲ್ ಕೇಜ್‌ಗೆ, ಅಂದರೆ ಗಾಡಿ ಪಲ್ಟಿಯಾದರೆ ಒಳಗಿದ್ದವರನ್ನು ಕಾಪಾಡುವ ಪೈಪಿನ ಚೌಕಟ್ಟಿಗೆ, ದಪ್ಪಗೆ ಹಳದಿ ಬಣ್ಣ ಹೊಡೆದಿದ್ದರು. ಸೀಟಿನ ಹಿಂದಿನ ದೊಡ್ಡ ಕಮಾನು ತೋರಿಸಿ, "ಮೇನ್ ಹೂಪ್‌ಗೆ 45 ಮಿ.ಮೀ. ಇದ್ದರೆ ಸಾಕು ಸಾರ್, ಇದು 48 ಇದೆ, ಇನ್ನೂ ಸ್ಟ್ರಾಂಗ್" ಅಂದರು. 48 ಅಂದ ಕೂಡಲೇ ನನಗೆ ಹೊಳೆಯಬೇಕಿತ್ತು. ಒಂದೂವರೆ ಇಂಚಿನ ಜಿಐ ಪೈಪಿನ ಹೊರ ಅಳತೆ ಸರಿಯಾಗಿ ಅಷ್ಟೇ. ನಮ್ಮ ಪಂಪ್‌ಹೌಸ್‌ನಲ್ಲಿ ದಿನಾ ಬೆಳಗ್ಗೆ ನೋಡುವ ಪೈಪ್ ಅದು! ಎರಡು ಲಕ್ಷ ಹತ್ತು ಸಾವಿರ ಕೊಟ್ಟು ಟ್ರಕ್ಕಿಗೆ ಹತ್ತಿಸಿಕೊಂಡು ಬಂದೆ.

ದೇಶದ ಮೋಟಾರ್ ಕ್ರೀಡೆ ನೋಡಿಕೊಳ್ಳುವ ಒಕ್ಕೂಟ ಎಫ್‌ಎಂಎಸ್‌ಸಿಐ ಪರ್ಮಿಟ್ ಇದ್ದ ಒಂದು ಈವೆಂಟ್‌ಗೆ ಲೈಸೆನ್ಸ್ ಮಾಡಿಸಿಕೊಂಡು ಹೋದೆ. ಸ್ಕ್ರೂಟಿನಿಯಲ್ಲಿ, ಅಂದರೆ ರೇಸಿಗೆ ಮುಂಚಿನ ಗಾಡಿ ತಪಾಸಣೆಯಲ್ಲಿ, ಇದ್ದ ಹಿರಿಯರು ಬಾನೆಟ್ ತೆಗೆಸಲೇ ಇಲ್ಲ. ಕೇಜ್ ಮೇಲೆ ಸ್ಪ್ಯಾನರ್‌ನಿಂದ ಎರಡು ಸಲ ತಟ್ಟಿದರು, ಟಾರ್ಚ್ ಹಿಡಿದು ಗಾಡಿ ಕೆಳಗೆ ನುಸುಳಿದರು, ಎದ್ದು ಬಂದು ಒಂದು ಕಡೆ ಬಣ್ಣ ಕೆರೆಸಿದರು. ಒಳಗೆ ಬೆಳ್ಳಗೆ ಸತುವಿನ ಲೇಪ. "ಇದು ನಲ್ಲಿ ಪೈಪ್ ತಮ್ಮಾ" ಅಂದರು. ಅಷ್ಟೇ, ಗಾಡಿ ರಿಜೆಕ್ಟ್.

ಅವರು ಬಿಡಿಸಿ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾಕೆಂದರೆ ನಾನು ಯಾರನ್ನೂ ಕೇಳದೆ ಕೊಂಡವನು. ಮೋಟಾರ್ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ನಿಯಮದ ಕೇಜ್‌ಗೆ ಜೋಡು ಇಲ್ಲದ ಸೀಮ್‌ಲೆಸ್ ಉಕ್ಕಿನ ಪೈಪ್ ಬೇಕು. ಮೇನ್ ಹೂಪ್ 45 ಮಿ.ಮೀ. ಆದರೆ 2.5 ಮಿ.ಮೀ. ದಪ್ಪ, 50 ಆದರೆ 2 ಮಿ.ಮೀ. ದಪ್ಪ. ಜಿಐ ಪೈಪ್ ಅಂದರೆ ತಗಡು ಸುತ್ತಿ ಉದ್ದಕ್ಕೂ ಬೆಸೆದದ್ದು, ಅದರ ಒಳಗೆ ಬೆರಳು ಹಾಕಿದರೆ ಆ ಗೆರೆ ಸಾಮಾನ್ಯವಾಗಿ ಸಿಗುತ್ತದೆ. ದಪ್ಪ ಜಾಸ್ತಿಯೇ ಇರಬಹುದು, ಮೋಸ ಹೋಗುವುದೇ ಅಲ್ಲಿ. ಸತು ಉಜ್ಜಿ ತೆಗೆಯದೆ ವೆಲ್ಡ್ ಮಾಡಿದರೆ ಬೆಸುಗೆ ಒಳಗೆ ಗುಳ್ಳೆ ಗುಳ್ಳೆ. ನೋಡೋಕೆ ಚೆನ್ನಾಗಿರುತ್ತದೆ, ಹೊಡೆತ ಬಿದ್ದರೆ ಬಿರುಕು. ಇನ್ನು ಕೇಜ್ ಕಾಲುಗಳು. ಮೇನ್ ಹೂಪಿನ ಒಂದೊಂದು ಕಾಲಿನ ಜಾಗದಲ್ಲಿ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ವಿಸ್ತೀರ್ಣದ ಪ್ಲೇಟ್ ಬಾಡಿಗೆ ಬೆಸೆದಿರಬೇಕು, ಬೋಲ್ಟ್ ಆದರೆ ಗಟ್ಟಿ ಉಕ್ಕಿನ (8.8 ಗ್ರೇಡ್) 8 ಮಿ.ಮೀ. ದಪ್ಪದ (ಎಂ8) ಮೂರಾದರೂ ಇರಬೇಕು. ನನ್ನ ಗಾಡಿಯಲ್ಲಿ ಪೈಪನ್ನು ಸೀದಾ ಫ್ಲೋರಿನ ತಗಡಿಗೆ ಅಂಟಿಸಿ, ಸುತ್ತ ಪುಟ್ಟಿ ಬಳಿದಿದ್ದರು. ಮೇಲೆ ರಬ್ಬರ್ ಮ್ಯಾಟ್ ಹಾಕಿದ್ದರಿಂದ ನನಗೆ ಕಾಣಲೇ ಇಲ್ಲ.

ಅಲ್ಲಿಗೆ ಮುಗಿದಿದ್ದರೆ ದುಡ್ಡು ಮಾತ್ರ ಹೋಗುತ್ತಿತ್ತು. ನನ್ನ ದಡ್ಡತನ ಕೇಳಿ. ಮೂರು ವಾರಕ್ಕೆ ಪಕ್ಕದೂರಲ್ಲಿ ಸುಮ್ನೆ ಗೆಳೆಯರು ಸೇರಿ ಮಾಡಿದ ಒಂದು ಆಟೋಕ್ರಾಸ್ ಇತ್ತು, ಪರ್ಮಿಟ್ ಇಲ್ಲ, ಸ್ಕ್ರೂಟಿನಿ ಇಲ್ಲ, ಆಂಬುಲೆನ್ಸ್ ಕೂಡ ಇಲ್ಲ. ಎಂಟ್ರಿ ಫೀಸ್ ಐನೂರು. ಕೇಜ್ ಆಮೇಲೆ ಮಾಡಿಸಿದರಾಯಿತು, ಗದ್ದೆಯಲ್ಲಿ ಎಷ್ಟು ಸ್ಪೀಡ್ ಹೋಗುತ್ತೆ ಅಂದುಕೊಂಡು ಇಳಿದೆ.

ಬೆಳಗ್ಗೆಯಿಂದ ಜಿಪ್ಸಿಗಳು ಓಡಿ ತಿರುವಿನಲ್ಲಿ ಮೊಣಕಾಲುದ್ದ ಗಾಲಿಗುಣಿ ಬಿದ್ದಿತ್ತು. ನನ್ನ ಎಡ ಚಕ್ರ ಅದರಲ್ಲಿ ಕಚ್ಚಿಕೊಂಡಿತು, ಗಾಡಿ ನಿಧಾನಕ್ಕೆ, ನಿಜವಾಗಿಯೂ ನಿಧಾನಕ್ಕೆ, ಒಂದು ಪಲ್ಟಿ ಹೊಡೆಯಿತು. ನಲವತ್ತರ ಮೇಲೆ ಇರಲಿಲ್ಲ. ಹೂಪ್‌ನ ಎಡಗಾಲು ಫ್ಲೋರ್ ತಗಡನ್ನು ಹರಿದು ಕೆಳಗೆ ಇಳಿಯಿತು, ಮೇಲಿನ ಜೋಡು ಬಾಯಿ ಬಿಟ್ಟಿತು, ರೂಫ್ ನನ್ನ ಹೆಲ್ಮೆಟ್ಟಿಗೆ ತಾಗಿತು. ಬೆಲ್ಟ್ ಹಿಡಿಯಲಿಲ್ಲ. ಆಮೇಲೆ ನೋಡಿದರೆ ಅದರ ಲೇಬಲ್ ಕತ್ತರಿಸಿ ತೆಗೆದಿದ್ದರು. ರೇಸ್ ಬೆಲ್ಟ್‌ಗೂ ಅವಧಿ ಇರುತ್ತದೆ, ಸುಮಾರು ಐದು ವರ್ಷ. ಲೇಬಲ್ ಇಲ್ಲದ ಬೆಲ್ಟನ್ನು ಗೊಬ್ಬರದ ಮೂಟೆ ಕಟ್ಟೋಕೆ ಇಟ್ಟುಕೊಳ್ಳಿ. ಕಾಲರ್ ಬೋನ್ ಮುರಿದಿತ್ತು. ಯಾರದೋ ಪಿಕಪ್ ಹಿಂದೆ ಮಲಗಿಸಿ ಹಾಸನಕ್ಕೆ ಕರೆದುಕೊಂಡು ಹೋದರು, ದಾರಿಯ ಒಂದೊಂದು ಹಂಪ್ ಈಗಲೂ ನೆನಪಿದೆ. ಗಾಡಿ ಇನ್ಶೂರೆನ್ಸ್ ಕೇಳುವ ಹಾಗೇ ಇಲ್ಲ, ಮಾಮೂಲಿ ಪಾಲಿಸಿಯಲ್ಲಿ ರೇಸಿಂಗ್ ಹೊರಗಿಟ್ಟಿರುತ್ತಾರೆ. ಆರ್‌ಸಿ ಇನ್ನೂ ಯಾರೋ ಮೂರನೆಯವರ ಹೆಸರಲ್ಲಿತ್ತು, ಅದು ಬೇರೆ ರಗಳೆ.

ಮಾರಿದವರಿಗೆ ಫೋನ್ ಮಾಡಿದರೆ "ಓಡಿಸೋಕೆ ಬರದಿದ್ದರೆ ನಾನೇನು ಮಾಡಲಿ" ಅಂದರು.

ಈಗ ನೀವು ನೋಡೋಕೆ ಹೋಗುತ್ತೀರಾದರೆ, ಎಂಜಿನ್ ಸ್ಟಾರ್ಟ್ ಮಾಡೋಕೆ ಬಿಡಬೇಡಿ. ಸದ್ದು ಕೇಳಿದರೆ ಬುದ್ಧಿ ಓಡಲ್ಲ. ಮೊದಲು ಮ್ಯಾಟ್ ಎತ್ತಿ, ಕೆಳಗೆ ಮಲಗಿ, ಕೇಜ್ ಕಾಲು ನೋಡಿ. ಕೇಜ್ ಮಾಡಿದವರು ಯಾರು, ಪೈಪಿನ ಬಿಲ್ ಎಲ್ಲಿ ಅಂತ ಕೇಳಿ. ಒಂದು ಕಡೆ ಬಣ್ಣ ಕೆರೆಯೋಕೆ, ಸಣ್ಣ ತೂತು ಕೊರೆದು ದಪ್ಪ ಅಳೆಯೋಕೆ ಒಪ್ಪದಿದ್ದರೆ ಕಾಫಿ ಕುಡಿದು ವಾಪಸ್ ಬನ್ನಿ. ಎಂಜಿನ್ ಕೆಟ್ಟಿದ್ದರೆ ಪರವಾಗಿಲ್ಲ, ರಿಪೇರಿ ಮಾಡಿಸಬಹುದು.

ನನ್ನ ಗಾಡಿಯ ಎಂಜಿನ್ ಒಬ್ಬ ಹುಡುಗ ತಗೊಂಡ, ಬಾಡಿ ಗುಜರಿಗೆ ಹೋಯಿತು. ಕೇಜ್ ಕತ್ತರಿಸಿ ಹಿತ್ತಲಲ್ಲಿ ಬಿಸಾಕಿದ್ದೆ. ಅಮ್ಮ ಅದನ್ನು ನೆಟ್ಟು ತೊಂಡೆ ಚಪ್ಪರ ಮಾಡಿಸಿದ್ದಾರೆ, ಹಳದಿ ಬಣ್ಣ ಇನ್ನೂ ಹೋಗಿಲ್ಲ.